ಕೆಲಸಕ್ಕೆ ಇಂಗ್ಲಿಷ್ ಸಾಕು, ಕಾಗದಕ್ಕೆ ಸಾಲದು

ಕಳೆದ ಚಳಿಗಾಲದ ಒಂದು ಸಂಜೆ ಬಳ್ಳಾರಿ ಕಡೆಯ ಗೆಳೆಯರೊಬ್ಬರು ಸ್ಟುಟ್‌ಗಾರ್ಟ್ ಹತ್ತಿರದ ನಮ್ಮ ಮನೆಗೆ ಬಂದರು. ಶೂ ಬಿಚ್ಚುವ ಮೊದಲೇ ಕೋಟಿನ ಒಳಜೇಬಿನಿಂದ ಮೂರು ಹಾಳೆ ತೆಗೆದು ನನ್ನ ಕೈಗಿಟ್ಟರು. "ಇದರಾಗ ಏನೈತಿ ಸ್ವಲ್ಪ ನೋಡ್ರಿ. ನಾನಂತೂ ಸೈನ್ ಮಾಡೇಬಿಟ್ಟೀನಿ" ಅಂದರು. ಮೊದಲ ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಔಫ್‌ಹೇಬುಂಗ್ಸ್‌ಫರ್‌ಟ್ರಾಗ್' ಎಂದಿತ್ತು. ಕಂಪನಿ ಮತ್ತು ನೌಕರ ಇಬ್ಬರೂ ಒಪ್ಪಿ ಕೆಲಸವನ್ನು ಕೊನೆಗೊಳಿಸಿಕೊಳ್ಳುವ ಕರಾರುಪತ್ರ ಅದು. ಬೆಳಿಗ್ಗೆ ಎಚ್‌ಆರ್ ಕೊಠಡಿಯಲ್ಲಿ ಎಲ್ಲವನ್ನೂ ನಯವಾದ ಇಂಗ್ಲಿಷಿನಲ್ಲಿ ವಿವರಿಸಿದ್ದರಂತೆ. ಇಷ್ಟು ಪರಿಹಾರ ಕೊಡುತ್ತೇವೆ, ಒಳ್ಳೆಯ ಅನುಭವ ಪತ್ರ ಬರೆದುಕೊಡುತ್ತೇವೆ, ಶುಭವಾಗಲಿ. ಕಾಗದ ಮಾತ್ರ ಜರ್ಮನ್ ಭಾಷೆಯಲ್ಲಿತ್ತು.

ಅವರು ಸಹಿ ಹಾಕದೆ, "ಮನೆಗೆ ಒಯ್ದು ಓದಿ ಹೇಳ್ತೀನಿ" ಅಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆಗ ಕಂಪನಿ ತಾನಾಗಿಯೇ ಲಿಖಿತವಾಗಿ ಅವರನ್ನು ಕೆಲಸದಿಂದ ತೆಗೆಯಬೇಕಾಗುತ್ತಿತ್ತು. ಆ ಪತ್ರ ಕೈ ಸೇರಿದ 3 ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ಹಕ್ಕು ಅವರಿಗಿತ್ತು. ಈಗ ತಾವೇ ಒಪ್ಪಿ ಬಿಟ್ಟಂತಾಯಿತು. ತಾನಾಗಿ ಕೆಲಸ ಬಿಟ್ಟವನಿಗೆ ಉದ್ಯೋಗ ಇಲಾಖೆ ಸಾಮಾನ್ಯವಾಗಿ 12 ವಾರ ನಿರುದ್ಯೋಗ ಭತ್ಯೆ ತಡೆಹಿಡಿಯುತ್ತದೆ. ಹಾಗೆಂದು ನಾನು ಓದಿ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಅವರಿಗೆ ಆ ಕೆಲಸ ಸಿಕ್ಕಿದ್ದು ಒಂದೇ ಒಂದು ಜರ್ಮನ್ ಪದ ಬಾರದೆ.

ಈ ಘಟನೆ ನಡೆದ ಸುಮಾರು ಹೊತ್ತಿಗೇ ಹಾಸನದ ಅಕ್ಕನ ಮಗ ಫೋನ್ ಮಾಡಿದ್ದ. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. "ಮಾಮ, ಅಲ್ಲಿಗೆ ಬರೋಕೆ ಜರ್ಮನ್ ಬೇಕೇ ಬೇಕಾ?" ವರ್ಷಕ್ಕೆ ಹತ್ತು ಜನರಾದರೂ ನನ್ನನ್ನು ಕೇಳುವ ಪ್ರಶ್ನೆ ಇದು. ಬೇಡ ಎಂದರೆ ಸುಳ್ಳಲ್ಲ. ಆದರೆ ಅಷ್ಟೇ ಹೇಳಿ ಫೋನ್ ಇಟ್ಟರೆ ಮೋಸ. ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ ಎಂಬುದು ಮೊದಲು. ನಮ್ಮ ಎಂಜಿನಿಯರುಗಳಲ್ಲಿ ಬಹುಪಾಲು ಜನ ಬರುವುದು ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ. ಅದಕ್ಕೆ ಜರ್ಮನ್ ಪರೀಕ್ಷೆಯ ಷರತ್ತೇ ಇಲ್ಲ. ಬೇಕಾದ್ದು ಮೂರು: ಜರ್ಮನಿ ಒಪ್ಪುವ ಪದವಿ, ಅದಕ್ಕೆ ಹೊಂದುವ ಕೆಲಸದ ಕರಾರು, ನಿಗದಿತ ಮಟ್ಟದ ಸಂಬಳ. ಆ ಸಂಬಳದ ಗೆರೆ ಪ್ರತಿ ವರ್ಷ ಬದಲಾಗುತ್ತದೆ. 2025ರಲ್ಲಿ ವರ್ಷಕ್ಕೆ 48,300 ಯೂರೋ ಇತ್ತು, 2026ಕ್ಕೆ 50,700 ಆಗಿದೆ. ಐಟಿ, ಎಂಜಿನಿಯರಿಂಗ್‌ನಂಥ ಜನ ಸಾಲದ ಕ್ಷೇತ್ರಗಳಿಗೆ ಮತ್ತು ಈಚೆಗೆ ಪದವಿ ಮುಗಿಸಿದವರಿಗೆ ಗೆರೆ ಇನ್ನೂ ಕೆಳಗಿದೆ. ಐಟಿಯವರಿಗೆ ಪದವಿ ಇಲ್ಲದಿದ್ದರೂ, ಕಳೆದ 7 ವರ್ಷಗಳಲ್ಲಿ 3 ವರ್ಷದ ತಕ್ಕ ಅನುಭವ ಇದ್ದರೆ ಬ್ಲೂ ಕಾರ್ಡ್ ಸಿಗುತ್ತದೆ. ಆಫರ್ ಲೆಟರ್‌ನ ಅಂಕಿ ನೋಡಿ ಯೂರೋವನ್ನು ರೂಪಾಯಿಗೆ ಗುಣಿಸಿ ಸಂಭ್ರಮಿಸುವವರಿಗೆ ಒಂದು ಮಾತು: ಮದುವೆಯಾಗದವರ ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆರಿಗೆಗೂ ವಿಮೆಗೂ ಪಿಂಚಣಿಗೂ ಕಡಿತವಾಗುತ್ತದೆ.

ಈ ಬಾಗಿಲು ಸುಲಭವಾಗಿ ತೆರೆದದ್ದಲ್ಲ. 2000ದಲ್ಲಿ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಕಂಪ್ಯೂಟರ್ ಪರಿಣತರಿಗೆ 20,000 'ಗ್ರೀನ್ ಕಾರ್ಡ್' ಕೊಡುತ್ತೇವೆಂದಾಗ, ಭಾರತೀಯರನ್ನು ಕರೆಸುವ ಬದಲು ನಮ್ಮ ಮಕ್ಕಳನ್ನೇ ಕಂಪ್ಯೂಟರ್ ಮುಂದೆ ಕೂರಿಸಿ ಎಂದು ವಿರೋಧ ಪಕ್ಷದ ನಾಯಕರು ಚುನಾವಣಾ ಪ್ರಚಾರ ಮಾಡಿದ್ದರು. 2024ರ ಅಕ್ಟೋಬರಿನಲ್ಲಿ ಚಾನ್ಸಲರ್ ಓಲಾಫ್ ಶೋಲ್ಟ್ಸ್ ದೆಹಲಿಗೆ ಬಂದಾಗ, ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾ ವರ್ಷಕ್ಕೆ 20,000ದಿಂದ 90,000ಕ್ಕೆ ಏರುತ್ತದೆ ಎಂಬ ಘೋಷಣೆಯಾಯಿತು. ಹುಟ್ಟುವ ಮಕ್ಕಳು ಕಡಿಮೆ, ನಿವೃತ್ತರಾಗುವವರು ಹೆಚ್ಚು. ಜರ್ಮನಿಗೆ ಜನ ಬೇಕು.

ಆದರೆ ಕಾನೂನು ಕೇಳದ್ದನ್ನು ಕೆಲಸ ಕೊಡುವವರು ಕೇಳುತ್ತಾರೆ. ಇಂಗ್ಲಿಷಿನಲ್ಲೇ ದಿನ ಸಾಗುವ ಜಾಗಗಳು ಇಂಥಲ್ಲಿ ಎಂದು ಬೆರಳಿಟ್ಟು ತೋರಿಸಬಹುದು. ಬರ್ಲಿನ್‌ನ ಸ್ಟಾರ್ಟಪ್‌ಗಳು, ಮ್ಯೂನಿಕ್‌ನ ದೊಡ್ಡ ತಂತ್ರಜ್ಞಾನ ಕಚೇರಿಗಳು, ವಾಲ್‌ಡಾರ್ಫ್‌ನ ಎಸ್‌ಎಪಿ, ಮಾಕ್ಸ್ ಪ್ಲಾಂಕ್ ಸಂಸ್ಥೆಯ ಪ್ರಯೋಗಾಲಯಗಳು. ಬೆಂಗಳೂರಿನಲ್ಲಿ ಶಾಖೆ ಇರುವ ಜರ್ಮನ್ ಕಂಪನಿಗಳ ಮೂಲಕ ಬರುವ ದಾರಿ ನಮ್ಮವರಿಗೆ ಹಳೆಯದು. ಆಡುಗೋಡಿಯ ಬಾಷ್ ಆವರಣವನ್ನು ಹಿರಿಯರು ಈಗಲೂ ಮೈಕೋ ಅನ್ನುತ್ತಾರಲ್ಲ, ಅಲ್ಲಿಂದ ಸ್ಟುಟ್‌ಗಾರ್ಟ್‌ಗೆ ಹೋಗಿಬಂದ ತಲೆಮಾರೇ ಇದೆ. ಕಂಪನಿಯೊಳಗಿನ ವರ್ಗಾವಣೆ ಇಂದಿಗೂ ಎಲ್ಲಕ್ಕಿಂತ ಭದ್ರವಾದ ದಾರಿ ಎಂಬುದು ನನ್ನ ಅನುಭವ.

ಈ ಜಾಗಗಳನ್ನು ಬಿಟ್ಟರೆ ಉಳಿಯುವುದೇ ದೊಡ್ಡ ಜರ್ಮನಿ. ಇಲ್ಲಿಯ ಉದ್ಯೋಗದ ಬೆನ್ನೆಲುಬು ಸಣ್ಣ ಊರುಗಳ ಮಧ್ಯಮ ಗಾತ್ರದ ಕಂಪನಿಗಳು. ಮೂರು ತಲೆಮಾರಿನಿಂದ ಒಂದೇ ಮನೆತನ ನಡೆಸುವ, ಒಂದು ಬಗೆಯ ಪಂಪೋ ಕವಾಟವೋ ಮಾಡಿ ಜಗತ್ತಿಗೆಲ್ಲ ಮಾರುವ ಕಾರ್ಖಾನೆಗಳು ಅವು. ಅಲ್ಲಿ ನಿಮ್ಮ ಪಕ್ಕದಲ್ಲಿ ನಿಲ್ಲುವ ಮೇಸ್ತ್ರಿಗೆ ಇಂಗ್ಲಿಷ್ ಬೇಕಾಗಿಯೇ ಇರಲಿಲ್ಲ. ಅವರ ಬಾಯಿಂದ ಬರುವುದು ಪಠ್ಯಪುಸ್ತಕದ ಜರ್ಮನ್ ಕೂಡ ಅಲ್ಲ, ಶ್ವಾಬಿಶ್ ಎಂಬ ಇಲ್ಲಿಯ ಆಡುನುಡಿ. ಅಕೌಂಟ್ಸ್, ಎಚ್‌ಆರ್, ಮಾರಾಟ, ಕಟ್ಟಡ ನಿರ್ಮಾಣ, ಶಾಲೆ, ಇವೆಲ್ಲ ಜರ್ಮನ್ ಇಲ್ಲದೆ ಬಹುತೇಕ ಮುಚ್ಚಿದ ಬಾಗಿಲುಗಳೇ.

ನರ್ಸಿಂಗ್ ಮತ್ತು ವೈದ್ಯಕೀಯದಲ್ಲಂತೂ ಚರ್ಚೆಗೇ ಅವಕಾಶವಿಲ್ಲ. ನರ್ಸ್‌ಗಳಿಗೆ ಜರ್ಮನ್ ಭಾಷೆಯ ಬಿ1, ಬಿ2 ಎಂಬ ನಡುವಿನ ಮಟ್ಟಗಳ ಪ್ರಮಾಣಪತ್ರ ಬೇಕು. ವೈದ್ಯರು ಅದರ ಮೇಲೆ ವೈದ್ಯಕೀಯ ಭಾಷೆಯ ಇನ್ನೊಂದು ಕಠಿಣ ಪರೀಕ್ಷೆ ಪಾಸಾಗಬೇಕು. ಇದನ್ನು ಅಡ್ಡಗೋಡೆ ಎಂದು ಬೈಯುವವರನ್ನು ಕಂಡಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ರಾತ್ರಿ ಮೂರು ಗಂಟೆಗೆ ಎಂಬತ್ತು ವರ್ಷದ ಅಜ್ಜಿ ಎದೆಯ ಮೇಲೆ ಕೈಯಿಟ್ಟು ಉರಿಯೋ, ಚುಚ್ಚುವುದೋ, ಒತ್ತುವುದೋ ಎಂದು ತನ್ನ ಮಾತಿನಲ್ಲಿ ಹೇಳುವಾಗ ಆ ವ್ಯತ್ಯಾಸ ತಿಳಿಯಲೇಬೇಕು. ಕರಾವಳಿಯ ನರ್ಸಿಂಗ್ ಕಾಲೇಜುಗಳಲ್ಲಿ ಓದಿದ ಹುಡುಗಿಯರಿಗೆ "ಭಾಷೆ ಅಲ್ಲಿ ಹೋದ ಮೇಲೆ ಬಂದುಬಿಡುತ್ತೆ, ಈಗ ದುಡ್ಡು ಕಟ್ಟಿ" ಎನ್ನುವ ಏಜೆಂಟರು ಸಿಕ್ಕರೆ ಅಲ್ಲಿಂದಲೇ ಎದ್ದು ಬರುವುದು ಒಳ್ಳೆಯದು. ಕೇರಳ ಸರ್ಕಾರದ ನೋರ್ಕಾ ರೂಟ್ಸ್ ಸಂಸ್ಥೆ 2021ರ ಡಿಸೆಂಬರಿನಲ್ಲಿ ಜರ್ಮನಿಯ ಉದ್ಯೋಗ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡು, ಭಾಷೆ ಕಲಿಸಿಯೇ ನರ್ಸ್‌ಗಳನ್ನು ಕಳಿಸುತ್ತಿದೆ. ದಾರಿ ಎಂದರೆ ಅದು.

ಕೆಲಸದ ಜಾಹೀರಾತು ನೋಡುವಾಗ ಒಂದು ಸಣ್ಣ ಜಾಣತನ ಬೇಕು. ಜಾಹೀರಾತು ಇಂಗ್ಲಿಷಿನಲ್ಲೇ ಬರೆದಿದ್ದರೆ ಆ ತಂಡ ಇಂಗ್ಲಿಷಿನಲ್ಲಿ ಕೆಲಸ ಮಾಡುತ್ತದೆ ಎಂದು ಸುಮಾರಾಗಿ ನಂಬಬಹುದು. ಜರ್ಮನ್‌ನಲ್ಲಿದ್ದು 'ಫೋನ್ ಫೋರ್‌ಟೈಲ್' ಎಂದಿದ್ದರೆ ಭಾಷೆ ಬಂದರೆ ಅನುಕೂಲ ಎಂದರ್ಥ, ಅರ್ಜಿ ಹಾಕಿ ನೋಡಬಹುದು. 'ಫ್ಲೀಸೆಂಡ್' ಎಂದಿದ್ದರೆ ನಿರರ್ಗಳವಾಗಿ ಬರಬೇಕು, 'ಫರ್‌ಹಾಂಡ್ಲುಂಗ್ಸ್‌ಸಿಶರ್' ಎಂದಿದ್ದರೆ ಎದುರಾಳಿಯ ಜೊತೆ ವ್ಯವಹಾರ ಕುದುರಿಸುವಷ್ಟು ಬರಬೇಕು. ಆ ಎರಡು ಪದ ಕಂಡಲ್ಲಿ ಸಂಜೆ ವ್ಯರ್ಥ ಮಾಡಿಕೊಳ್ಳಬೇಡಿ.

ಈಗ ಎಲ್ಲರ ಬಾಯಲ್ಲೂ ಇರುವ 'ಚಾನ್ಸೆನ್‌ಕಾರ್ಟೆ', ಅಂದರೆ ಅವಕಾಶ ಕಾರ್ಡ್. 2024ರ ಜೂನ್ 1ರಿಂದ ಜಾರಿಯಲ್ಲಿದೆ. ಕೈಯಲ್ಲಿ ಕೆಲಸ ಇಲ್ಲದೆಯೂ ಒಂದು ವರ್ಷದವರೆಗೆ ಬಂದು ಹುಡುಕಬಹುದು, ನಡುವೆ ವಾರಕ್ಕೆ 20 ಗಂಟೆ ದುಡಿಯಬಹುದು. ಪದವಿಯನ್ನು ಜರ್ಮನಿ ಪೂರ್ತಿ ಮಾನ್ಯ ಮಾಡಿದ್ದರೆ ಅಂಕಗಳ ಲೆಕ್ಕ ಬೇಡ. ಇಲ್ಲದಿದ್ದರೆ ಜರ್ಮನ್ ಎ1 ಅಥವಾ ಇಂಗ್ಲಿಷ್ ಬಿ2 ಇರಲೇಬೇಕು, ಜೊತೆಗೆ 6 ಅಂಕ ಕೂಡಬೇಕು. ಐದು ವರ್ಷ ಅನುಭವದ ಮೂವತ್ತೊಂದರ ಹುಡುಗನಿಗೆ ವಯಸ್ಸಿಗೆ 2, ಅನುಭವಕ್ಕೆ 3, ಒಟ್ಟು 5. ಜನ ಸಾಲದ ವೃತ್ತಿಯವನಾದರೆ ಇನ್ನೊಂದು ಬಂದು ದಾಟುತ್ತಾನೆ. ಜರ್ಮನ್ ಎ2 ಇದ್ದರೆ 1, ಬಿ1 ಇದ್ದರೆ 2, ಬಿ2 ಇದ್ದರೆ 3. ಭಾಷೆಗೆ ಕೊಟ್ಟ ತೂಕ ಅನುಭವಕ್ಕೆ ಕೊಟ್ಟ ತೂಕಕ್ಕೆ ಸಮ ಎಂಬುದನ್ನು ಗಮನಿಸಿ. ಅಂಕಗಳಿಗಿಂತ ನನ್ನನ್ನು ಹೆದರಿಸುವುದು ದುಡ್ಡು. ತಿಂಗಳಿಗೆ 1,091 ಯೂರೋ ಲೆಕ್ಕದಲ್ಲಿ ವರ್ಷದ ಖರ್ಚು, ಅಂದರೆ 13,092 ಯೂರೋ, ಕೈಯಲ್ಲಿದೆ ಎಂದು 2025ರಲ್ಲಿ ತೋರಿಸಬೇಕಿತ್ತು. ನಮ್ಮ ಲೆಕ್ಕದಲ್ಲಿ ಹದಿಮೂರು ಲಕ್ಷದ ಆಸುಪಾಸು. ಹಾಸನದ ಕಡೆ ಅಷ್ಟು ದುಡ್ಡಿಗೆ ಅಪ್ಪ ತೋಟದ ಒಂದು ಭಾಗ ಅಡವಿಡಬೇಕು. ಹಾಗೆ ಬಂದವನು ಜರ್ಮನ್ ಬಾರದೆ ಇಲ್ಲಿ ಬಾಡಿಗೆ ಕೊಡುತ್ತ ದಿನ ಎಣಿಸುವುದನ್ನು ನೋಡುವ ಧೈರ್ಯ ನನಗಿಲ್ಲ. ಬೆಂಗಳೂರಿನಲ್ಲೇ ಕೂತು ಕೆಲಸ ಗಿಟ್ಟಿಸಿಕೊಂಡು ಬನ್ನಿ, ಇಲ್ಲವೇ ಬಿ1 ಮುಗಿಸಿ ಬನ್ನಿ.

ಮಾಸ್ಟರ್ಸ್ ಓದಲು ಬರುವವರಿಗೂ ಇದೇ ಮಾತು. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದೇ ಅತಿ ದೊಡ್ಡ ಗುಂಪು. ಕೋರ್ಸ್ ಇಂಗ್ಲಿಷಿನಲ್ಲಿದೆ, ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವೂ ಇಲ್ಲ ಎಂದು ಬರುತ್ತಾರೆ. ಎರಡು ವರ್ಷ ಕಳೆದು ಪದವಿ ಕೈಗೆ ಬಂದ ಮೇಲೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ. ಜರ್ಮನ್ ಕಲಿಯಲು ಶುರುಮಾಡುವುದು ಆಗ. ಆ ಎರಡು ವರ್ಷವೂ ಕೂಗಳತೆಯ ದೂರದಲ್ಲೇ ಜರ್ಮನ್ ತರಗತಿ ನಡೆಯುತ್ತಿತ್ತು.

ಮೊದಲ ಕೆಲಸ ಇಂಗ್ಲಿಷಿನಲ್ಲಿ ಸಿಗುತ್ತದೆ, ಎರಡನೆಯದನ್ನು ಹುಡುಕುವಾಗ ಜರ್ಮನ್ ಇಲ್ಲದ್ದು ಚುಚ್ಚುತ್ತದೆ. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಈಗಿನ ಕಾಲದಲ್ಲಿ ಎರಡನೆಯ ಕೆಲಸ ಬೇಡವಾದವರು ಕಡಿಮೆ. ಫೋಕ್ಸ್‌ವ್ಯಾಗನ್ ಕಂಪನಿ 2030ರೊಳಗೆ 35,000 ಹುದ್ದೆ ಕಡಿಮೆ ಮಾಡುವುದಕ್ಕೆ 2024ರ ಡಿಸೆಂಬರಿನಲ್ಲಿ ಕಾರ್ಮಿಕ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಬಾಷ್ ಕೂಡ ಸುಮಾರು 13,000 ಹುದ್ದೆಗಳ ಕಡಿತ ಪ್ರಕಟಿಸಿತು. ಕಾರು ಉದ್ಯಮ ನಂಬಿ ಬಂದ ನಮ್ಮವರು ಈ ಪ್ರಾಂತದಲ್ಲಿ ಬಹಳ. ಕೆಲಸ ಹೋದ ದಿನ ಮಾರುಕಟ್ಟೆಗೆ ಇಳಿಯುವವರಲ್ಲಿ ಜರ್ಮನ್ನರೂ ಇರುತ್ತಾರೆ. ಬ್ಲೂ ಕಾರ್ಡ್‌ನಲ್ಲಿ ಇರುವವನಿಗೆ ಹೊಸ ಕೆಲಸ ಹುಡುಕಿಕೊಳ್ಳಲು ಸಿಗುವುದು ಕೆಲವೇ ತಿಂಗಳು.

ಬಳ್ಳಾರಿಯ ಗೆಳೆಯರ ವಿಷಯದಲ್ಲಿ ನನಗೆ ಹೊಟ್ಟೆಯುರಿದದ್ದು ಇಲ್ಲಿ. ಬ್ಲೂ ಕಾರ್ಡ್ ಇದ್ದವರು ಎ1 ಎಂಬ ತೀರಾ ಮೊದಲ ಹಂತದ ಪರೀಕ್ಷೆ ಪಾಸಾಗಿದ್ದರೆ 27 ತಿಂಗಳಿಗೆ ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಪಡೆಯಬಹುದು. ಬಿ1 ಇದ್ದರೆ 21 ತಿಂಗಳಿಗೇ. ಅವರು ಬಂದು ಮೂರು ವರ್ಷವಾಗಿತ್ತು. ಹೆಸರು, ಊರು, ತರಕಾರಿಯ ಬೆಲೆ ಕೇಳಲು ಬರುವಷ್ಟು ಭಾಷೆ ಕಲಿತು ಒಂದು ಬೆಳಿಗ್ಗೆ ಪರೀಕ್ಷೆ ಬರೆದಿದ್ದರೆ ಒಂಬತ್ತು ತಿಂಗಳ ಹಿಂದೆಯೇ ಪಿಆರ್‌ಗೆ ಅರ್ಹರಾಗಿರುತ್ತಿದ್ದರು. ಆಗ ಕೆಲಸ ಹೋದರೂ ವೀಸಾ ಹೋಗುತ್ತದೆಂಬ ಭಯ ಇರುತ್ತಿರಲಿಲ್ಲ. "ಆಫೀಸಿನಾಗ ಬೇಕಾಗಿರ್ಲಿಲ್ರಿ" ಅಂದರು. ನಿಜವೇ. ಬೇಕಾದದ್ದು ಆಫೀಸಿನ ಹೊರಗೆ.

ಆಫೀಸಿನ ಹೊರಗೆ ಜರ್ಮನಿ ನಡೆಯುವುದು ಕಾಗದದ ಮೇಲೆ. ಸರ್ಕಾರಿ ಕಚೇರಿಯ ಭಾಷೆ ಜರ್ಮನ್ ಎಂದು ಆಡಳಿತ ಪ್ರಕ್ರಿಯೆಯ ಕಾಯ್ದೆಯ 23ನೇ ವಿಧಿಯಲ್ಲೇ ಬರೆದಿದೆ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ವಾಪಸ್ ಹೋಗುತ್ತದೆ. ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕದ ಪತ್ರ ಬರುತ್ತದೆ. ಅದನ್ನು ಜಾಹೀರಾತೆಂದು ಕಸದ ಬುಟ್ಟಿಗೆ ಹಾಕಿ ದಂಡ ಕಟ್ಟಿದವರನ್ನು ನಾನು ಬಲ್ಲೆ. ಹಳದಿ ಲಕೋಟೆ ಬಂದರೆ ಇನ್ನೂ ಎಚ್ಚರ ಬೇಕು. ನ್ಯಾಯಾಲಯ, ಸರ್ಕಾರಿ ಕಚೇರಿಗಳಿಂದ ಬರುವ ಆ ಲಕೋಟೆಯ ಮೇಲೆ ಅಂಚೆಯವನು ಕೊಟ್ಟ ದಿನಾಂಕ ಬರೆದಿರುತ್ತಾನೆ. ಗಡುವು ಅಲ್ಲಿಂದಲೇ ಶುರು, ನೀವು ಓದಿದ ದಿನದಿಂದಲ್ಲ. ಫೋನಿನಲ್ಲಿ ಫೋಟೊ ತೆಗೆದರೆ ಅನುವಾದ ಬರುತ್ತದೆ, ಒಪ್ಪುತ್ತೇನೆ. ಆದರೆ ಸಹಿ ಹಾಕಿಸಿಕೊಳ್ಳುವವರು ಎದುರಿಗೆ ಕೂತಿರುವಾಗ ಫೋನ್ ತೆಗೆಯಲು ನಮ್ಮವರಿಗೆ ಸಂಕೋಚ.

ಇನ್ನೊಂದು ಸಂಗತಿಯ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಅದು ನನ್ನನ್ನು ತುಂಬ ಕಾಡುತ್ತದೆ. ಬ್ಲೂ ಕಾರ್ಡ್ ಇದ್ದವರ ಹೆಂಡತಿಗೂ ಗಂಡನಿಗೂ ವೀಸಾಕ್ಕೆ ಜರ್ಮನ್ ಪರೀಕ್ಷೆ ಇಲ್ಲ, ಬಂದ ದಿನದಿಂದ ಕೆಲಸ ಮಾಡುವ ಅನುಮತಿಯೂ ಇದೆ. ಕೇಳಲು ಎಷ್ಟು ಚೆನ್ನ! ತುಮಕೂರಿನಲ್ಲಿ ಬಿ.ಎಡ್ ಮಾಡಿ ಐದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದ ಹೆಣ್ಣುಮಗಳೊಬ್ಬರು ನಮ್ಮ ಬಡಾವಣೆಯಲ್ಲಿದ್ದಾರೆ. ಮೊದಲ ಚಳಿಗಾಲದಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತ ಕಳೆದ ಮಧ್ಯಾಹ್ನಗಳ ಬಗ್ಗೆ ಅವರು ನನ್ನ ಹೆಂಡತಿಗೆ ಹೇಳಿಕೊಂಡಿದ್ದಾರೆ. ಮಗುವಿಗೆ ಜ್ವರ ಬಂದರೆ ವೈದ್ಯರ ಕ್ಲಿನಿಕ್‌ಗೆ ಫೋನ್ ಮಾಡಿ 'ಟೆರ್ಮಿನ್', ಅಂದರೆ ಭೇಟಿಯ ಸಮಯ, ಕೇಳುವುದಕ್ಕೂ ಗಂಡನ ಮೀಟಿಂಗ್ ಮುಗಿಯುವವರೆಗೆ ಕಾಯಬೇಕಿತ್ತಂತೆ. ಗಂಡಹೆಂಡತಿ ಇಬ್ಬರೂ ಬರುವುದಾದರೆ ಭಾಷೆಯ ತರಗತಿಗೆ ಮೊದಲು ಸೇರಬೇಕಾದವರು ಕೆಲಸ ಸಿಕ್ಕವರಲ್ಲ, ಕೆಲಸ ಸಿಗದವರು. ನಾನು ಕಂಡಂತೆ ಮನೆಗಳಲ್ಲಿ ನಡೆಯುವುದು ಇದಕ್ಕೆ ಉಲ್ಟಾ.

ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದೂ "ಕನ್ನಡ ಗೊತ್ತಿಲ್ಲ" ಎನ್ನುವವರನ್ನು ಕಂಡು ನಮಗೆ ನೋವಾಗುತ್ತದೆ, ಆಗಲೇಬೇಕು. ಆಟೊ ಚಾಲಕನ, ತರಕಾರಿ ಅಂಗಡಿಯವನ ಮಾತಿಗೆ ಬೆಲೆ ಇಲ್ಲವೇ ಎಂದು ಕೇಳುತ್ತೇವೆ. ಇಲ್ಲಿಯ ಬೇಕರಿಯ ಹೆಂಗಸು ನನ್ನನ್ನು ಆ ಪ್ರಶ್ನೆ ಬಾಯಿಬಿಟ್ಟು ಕೇಳಿಲ್ಲ. ಮೊದಲ ಎರಡು ವರ್ಷ ನಾನು ಬೆರಳು ತೋರಿಸಿಯೇ ಬ್ರೆಡ್ ಕೊಂಡಿದ್ದೇನೆ. ನೆನೆದರೆ ಈಗಲೂ ಮುಜುಗರವಾಗುತ್ತದೆ.

ಜರ್ಮನ್ ಕಷ್ಟ ಎಂಬ ಹೆದರಿಕೆ ಇಂಗ್ಲಿಷ್ ಮೂಲಕ ಕಲಿಯುವುದರಿಂದ ಬರುತ್ತದೆ ಎಂದು ನನಗೆ ಅನಿಸಿದೆ. ಕನ್ನಡದ ಕಡೆಯಿಂದ ಹೋಗಿ ನೋಡಿ. ಚಳಿಯಾದರೆ ಇಂಗ್ಲಿಷಿನವರು 'ನಾನು ತಣ್ಣಗಿದ್ದೇನೆ' ಎಂಬಂತೆ ಹೇಳುತ್ತಾರೆ. ಜರ್ಮನ್ನರು 'ಮಿಯರ್ ಇಸ್ಟ್ ಕಾಲ್ಟ್' ಅನ್ನುತ್ತಾರೆ, 'ನನಗೆ ಚಳಿ'. ನಮ್ಮ ಚತುರ್ಥಿ ವಿಭಕ್ತಿಯ 'ಗೆ' ಅಲ್ಲಿ ಹಾಗೆಯೇ ಕೂತಿದೆ. ನೀನು, ನೀವು ಎಂಬ ವ್ಯತ್ಯಾಸ ಇಂಗ್ಲಿಷಿನಲ್ಲಿ ಅಳಿಸಿಹೋಗಿದೆ. ಜರ್ಮನ್‌ನಲ್ಲಿ 'ಡು' ಮತ್ತು 'ಝೀ' ಎಂದು ಗಟ್ಟಿಯಾಗಿ ಉಳಿದಿದೆ, ಯಾರಿಗೆ ಯಾವುದು ಎಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. 'ಏಕೆಂದರೆ' ಎಂದು ಶುರುವಾಗುವ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. ಅಮೆರಿಕದ ಸಹಪಾಠಿ ಅದಕ್ಕೆ ತಲೆ ಕೆರೆದುಕೊಳ್ಳುತ್ತಿದ್ದಾಗ ನನಗೆ ಅದು ಮನೆಗೆ ಬಂದಂತಿತ್ತು. ಉದ್ದುದ್ದದ ಪದಗಳೆಲ್ಲ ಸಮಾಸಗಳು. 'ಕ್ರಾಂಕನ್‌ಫರ್‌ಸಿಶೆರುಂಗ್' ಎಂದರೆ ರೋಗಿಗಳ ವಿಮೆ, ನಡುವೆ ಒಡೆದರೆ ಆಯಿತು. ಲಿಂಗ ಮಾತ್ರ ಬಾಯಿಪಾಠವೇ. ಹುಡುಗಿ ಎಂಬ ಅರ್ಥದ 'ಮೇಡ್‌ಶೆನ್' ನಪುಂಸಕ ಲಿಂಗ ಎಂದು ಪಾಠದಲ್ಲಿ ಬಂದಾಗ ಎಲ್ಲರೂ ನಕ್ಕರು. ತರಗತಿಯಲ್ಲಿದ್ದ ಸಿರಸಿಯ ಹವ್ಯಕರೊಬ್ಬರು ನಗಲಿಲ್ಲ. ಅವರ ಮನೆಮಾತಿನಲ್ಲಿ ಅಕ್ಕನೂ 'ಬಂತು'.

ಕಷ್ಟ ಇರುವುದು ಸಮಯದಲ್ಲಿ. ಸರ್ಕಾರ ವಲಸೆ ಬಂದವರಿಗಾಗಿ ನಡೆಸುವ ಕೋರ್ಸಿನಲ್ಲಿ ಬಿ1 ಮಟ್ಟಕ್ಕೆ ಒಯ್ಯಲು 600 ತಾಸಿನ ಪಾಠ ಇಟ್ಟಿದ್ದಾರೆ. ವಾರಕ್ಕೆ ನಾಲ್ಕು ತಾಸಿನ ಸಂಜೆ ತರಗತಿಯಾದರೆ 150 ವಾರ, ಹತ್ತಿರ ಹತ್ತಿರ ಮೂರು ವರ್ಷ. ಹೊಸ ಕೆಲಸ, ಆರು ತಿಂಗಳ ಪ್ರೊಬೇಷನ್, ಮನೆ ಹುಡುಕಾಟ, ಕತ್ತಲೆಯ ಚಳಿಗಾಲ ಇವುಗಳ ನಡುವೆ ಇಲ್ಲಿ ಬಂದು ಶುರುಮಾಡುತ್ತೇನೆ ಎಂದವರು ಮೂರನೇ ಪಾಠಕ್ಕೆ ನಿಲ್ಲಿಸುವುದು ಸೋಮಾರಿತನದಿಂದಲ್ಲ. ಊರಲ್ಲಿ ಅಮ್ಮ ಮಾಡಿದ ಊಟ ಉಂಡು ಕಲಿಯುವ ಎ2 ಮಟ್ಟ ಇಲ್ಲಿ ಒಂಟಿಯಾಗಿ ಕಲಿಯುವುದಕ್ಕಿಂತ ಎಷ್ಟೋ ಹಗುರ.

ಗೆಳೆಯರಿಗೆ ಐದು ತಿಂಗಳ ಮೇಲೆ ಉತ್ತರದ ಒಂದು ಊರಿನಲ್ಲಿ, ಮೊದಲಿಗಿಂತ ಕಡಿಮೆ ಸಂಬಳಕ್ಕೆ ಕೆಲಸ ಸಿಕ್ಕಿತು. ಅಲ್ಲಿಯ ಫೋಕ್ಸ್‌ಹೋಕ್‌ಶೂಲೆಯಲ್ಲಿ, ಅಂದರೆ ಊರಿನ ಜನರ ಸಂಜೆ ಶಾಲೆಯಲ್ಲಿ, ಸೋಮವಾರ ಮತ್ತು ಬುಧವಾರ ಹೋಗುತ್ತಾರೆ.

ಅಕ್ಕನ ಮಗ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ವಾರಾಂತ್ಯದ ತರಗತಿಗೆ ಸೇರಿದ್ದಾನೆ, ವೈಟ್‌ಫೀಲ್ಡ್‌ನಿಂದ ನೇರಳೆ ಮಾರ್ಗದ ಮೆಟ್ರೋ ನೇರ ಹೋಗುತ್ತದೆ. ಮೊನ್ನೆ ನನ್ನ ಹಳೆಯ ಬಾಡಿಗೆ ಕರಾರಿನ ಮೊದಲ ಪುಟ ಅವನಿಗೆ ಕಳಿಸಿ, ಫೋನಿನಲ್ಲಿ ಗಟ್ಟಿಯಾಗಿ ಓದು ಅಂದೆ. ತಡವರಿಸುತ್ತ ಹತ್ತು ಸಾಲು ಓದಿದ. "ಮಾಮ, ಕಾಲ್ಟ್‌ಮೀಟೆ ಅಂದ್ರೆ ತಣ್ಣನೆ ಬಾಡಿಗೇನಾ? ಇದೇನು?" ಅಂದ. ಹೀಟರ್, ನೀರಿನ ಖರ್ಚು ಸೇರದ ಬಾಡಿಗೆ ಎಂದು ಹೇಳಿದೆ. "ಹಾಗಾದ್ರೆ ಬಿಸಿ ಬಾಡಿಗೆ ಅಂತ ಇನ್ನೊಂದು ಇರಬೇಕಲ್ಲ" ಎಂದು ಅವನೇ ಕೆಳಗಿನ ಸಾಲಿನಲ್ಲಿ ಹುಡುಕತೊಡಗಿದ.